ಕರಿಗೇರಿನ ಸಾರ ಮತ್ತು ಇಲಿಯ ಪಾದದ ಊತ

ಆಯುರ್ವೇದದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅಗದತಂತ್ರವನ್ನು ಆರಿಸಿಕೊಳ್ಳುವವರು ಕಡಿಮೆ. ವಿಷಗಳನ್ನೂ ಅವುಗಳ ಲಕ್ಷಣ, ಚಿಕಿತ್ಸೆಗಳನ್ನೂ ಓದುವ ಈ ಶಾಖೆಗೆ ನಾನು ಸೇರಿದಾಗ, ಪ್ರಬಂಧಕ್ಕೆ ಯಾವ ದ್ರವ್ಯವನ್ನು ತೆಗೆದುಕೊಳ್ಳಬೇಕೆಂಬ ಬಗ್ಗೆ ನನಗೆ ಹೆಚ್ಚು ಗೊಂದಲವಿರಲಿಲ್ಲ. ಭಲ್ಲಾತಕ, ಅಂದರೆ ಊರುಗಳಲ್ಲಿ ಕರಿಗೇರು, ಗುಡ್ಡೆಗೇರು ಎಂದು ಕರೆಯುವ ಕಾಡುಮರದ ಕಾಯಿ, ಬಹಳ ದಿನಗಳಿಂದ ತಲೆಯಲ್ಲಿತ್ತು. ಇದು ಗೋಡಂಬಿಯ ಗೇರು ಅಲ್ಲವಾದರೂ ಅದರ ಬಂಧುವೇ. ಎರಡೂ ಮಾವಿನ ಕುಟುಂಬಕ್ಕೆ ಸೇರಿದವು. ಹಿಂದೆ ಅಗಸರು ಬಟ್ಟೆಗಳಿಗೆ ಗುರುತು ಹಾಕುತ್ತಿದ್ದುದು ಇದರ ಕಪ್ಪು ರಸದಿಂದ. ಸುಣ್ಣದ ಜೊತೆ ಸೇರಿ ಕೂತ ಆ ಕಲೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅದೇ ರಸ ಮೈಗೆ ತಾಗಿದರೆ ತುರಿಕೆ, ಉರಿ, ನೀರುಗುಳ್ಳೆ ಏಳುತ್ತವೆ. ಸಿಪ್ಪೆಯೊಳಗಿನ ಡಾಂಬರಿನಂತಹ ಎಣ್ಣೆಯಲ್ಲಿರುವ ಬಿಲಾವನಾಲ್ ಎಂಬ ಫೀನಾಲುಗಳು ಇದಕ್ಕೆ ಕಾರಣ; ಅಮೆರಿಕದ ಪಾಯ್ಸನ್ ಐವಿ ಬಳ್ಳಿಯ ಉರುಶಿಯಾಲ್ ಇವುಗಳ ಹತ್ತಿರದ ಸಂಬಂಧಿ. ನಮ್ಮ ದೇಶದ 1945ರ ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ವಿಷದ್ರವ್ಯಗಳ ಪಟ್ಟಿಯೊಳಗೆ ಭಲ್ಲಾತಕದ ಹೆಸರಿದೆ.

ಇಷ್ಟೆಲ್ಲ ಇದ್ದೂ ಚರಕನು ಇದನ್ನು ಬೆಂಕಿಗೆ ಹೋಲಿಸಿ, ವಿಧಿಪೂರ್ವಕವಾಗಿ ಬಳಸಿದರೆ ಅಮೃತವಾಗುತ್ತದೆ ಎಂದು ರಸಾಯನ ಪ್ರಕರಣದಲ್ಲಿ, ಅಂದರೆ ಆಯುಸ್ಸು, ಬಲ ಹೆಚ್ಚಿಸುವ ಔಷಧಗಳ ಭಾಗದಲ್ಲಿ, ಸೇರಿಸಿದ್ದಾನೆ. ಶೋಥಕ್ಕೂ, ಅಂದರೆ ಬಾವಿಗೂ, ಕೀಲುನೋವಿಗೂ ವೈದ್ಯರು ಇದನ್ನು ಕೊಡುತ್ತ ಬಂದಿದ್ದಾರೆ. ಹೊರಗೆ ಉರಿಯೂತ ಎಬ್ಬಿಸುವ ವಸ್ತು ಒಳಗೆ ಹೋಗಿ ಉರಿಯೂತವನ್ನು ಇಳಿಸುವುದಾದರೆ, ಅದು ಶೋಧನೆಯ, ಅಂದರೆ ವಿಷವನ್ನು ತಗ್ಗಿಸುವ ಶುದ್ಧೀಕರಣದ, ಫಲವೋ, ದ್ರವ್ಯದ ಸ್ವಂತ ಗುಣವೋ ಎಂಬುದು ನನ್ನ ಪ್ರಶ್ನೆಯಾಗಿತ್ತು. ಶೋಧಿಸಿದ ಮತ್ತು ಶೋಧಿಸದ ಕಾಯಿಗಳ ಸಾರವನ್ನು ಇಲಿಗಳಿಗೆ ಕೊಟ್ಟು, ಪಾದದಲ್ಲಿ ಊತ ಬರಿಸಿ, ಹೋಲಿಸಿ ನೋಡುವುದೆಂದು ಸಿನಾಪ್ಸಿಸ್, ಅಂದರೆ ಪ್ರಬಂಧದ ರೂಪುರೇಷೆ, ಬರೆದೆ.

ಪ್ರಾಣಿಪ್ರಯೋಗವೆಂದರೆ ಇಲಿ ತಂದು ಸೂಜಿ ಚುಚ್ಚುವುದು ಎಂದು ಹೊರಗಿನವರು ಭಾವಿಸುತ್ತಾರೆ. ಮೊದಲು ಬರುವುದು ಕಾಗದ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ರಚಿತವಾದ ಕೇಂದ್ರ ಸಮಿತಿಯಲ್ಲಿ ಪ್ರಾಣಿಗೃಹದ ನೋಂದಣಿಯಾಗಿರಬೇಕು. ಸಂಸ್ಥೆಯ ನೀತಿ ಸಮಿತಿಯ ಮುಂದೆ ಪ್ರಯೋಗಕ್ಕೆ ಅನುಮತಿ ಕೋರುವ ಬಿ ನಮೂನೆ ತುಂಬಿಕೊಡಬೇಕು. ಎಷ್ಟು ಇಲಿ, ಯಾಕೆ ಅಷ್ಟು, ನೋವು ಎಷ್ಟು ಹೊತ್ತು ಇರುತ್ತದೆ, ಕೊನೆಗೆ ಅವುಗಳನ್ನು ಏನು ಮಾಡುತ್ತೀರಿ ಎಂಬುದಕ್ಕೆಲ್ಲ ಅಲ್ಲಿ ಉತ್ತರ ಬರೆಯಬೇಕು. ಸಮಿತಿಯಲ್ಲಿ ಪಶುವೈದ್ಯರು, ಹೊರಗಿನ ವಿಜ್ಞಾನಿಗಳು ಇರುವಂತೆ ವಿಜ್ಞಾನದ ಹಿನ್ನೆಲೆಯಿಲ್ಲದ ಸಾಮಾಜಿಕ ಸದಸ್ಯರೊಬ್ಬರೂ ಇರುತ್ತಾರೆ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಪ್ರಶ್ನೆ ಕೇಳಿದವರು ಅವರೇ: "ಬಾವು ಬರಿಸಿ ಬಾವು ಇಳಿಸೋದನ್ನ ಗಾಜಿನ ಬಟ್ಟಲಿನ ಜೀವಕೋಶದಾಗ ನೋಡಾಕ ಬರಂಗಿಲ್ಲೇನ್ರಿ?" ಜೀವಕೋಶಗಳಲ್ಲಿ ಒಂದೊಂದು ಕಿಣ್ವವನ್ನು ಅಳೆಯಬಹುದು, ಆದರೆ ಊತವೆಂಬುದು ರಕ್ತನಾಳ, ನರ, ಬಿಳಿರಕ್ತಕಣ, ಹಾರ್ಮೋನು ಎಲ್ಲವೂ ಕೂಡಿ ಆಗುವ ಸಂಗತಿ, ಅದು ಬಟ್ಟಲಿನಲ್ಲಿ ಕಾಣುವುದಿಲ್ಲ ಎಂದು ನಾನು ಹೇಳಿದೆ. ಈ ಉತ್ತರದ ಕೊನೆಯ ಪದವೇ, ಹಾರ್ಮೋನು ಎಂಬುದೇ, ಮುಂದೆ ನನ್ನ ಇಡೀ ಪ್ರಬಂಧದ ದಿಕ್ಕನ್ನು ಬದಲಿಸುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಒಂದೊಂದು ಗುಂಪಿಗೆ ಆರು ಇಲಿಗಳೆಂದು ಒಪ್ಪಿಗೆಯಾಯಿತು. ಅದಕ್ಕಿಂತ ಕಡಿಮೆ ಮಾಡಿದರೆ ಸಂಖ್ಯಾಶಾಸ್ತ್ರದಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. ಆಗ ಬಳಸಿದ ಇಲಿಗಳೆಲ್ಲವೂ ವ್ಯರ್ಥ.

ಕಾಯಿಗಳು ಚಳಿಗಾಲದಲ್ಲಿ ಬಲಿಯುತ್ತವೆ. ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಹಳೆಯ, ಎಣ್ಣೆ ಆರಿದ ಕಾಯಿಗಳು ಬೇಡವೆಂದು ಯಲ್ಲಾಪುರದ ಕಡೆಯಿಂದ ಹೊಸ ಕಾಯಿ ತರಿಸಿದೆವು. ಕಾಯಿಯ ತೊಟ್ಟಿನ ಕಡೆಗೆ ಕಿತ್ತಳೆ ಬಣ್ಣದ ತಿರುಳು ಇರುತ್ತದೆ. ಹಳ್ಳಿಯ ಮಕ್ಕಳು ಅದನ್ನು ತಿನ್ನುತ್ತಾರೆ, ವಿಷವಿರುವುದು ಕೆಳಗಿನ ಕಪ್ಪು ಕಾಯಿಯಲ್ಲಿ. ನೀರಿಗೆ ಹಾಕಿದಾಗ ಮುಳುಗಿದ ಕಾಯಿಗಳನ್ನಷ್ಟೇ ಇಟ್ಟುಕೊಂಡು ತೇಲಿದವನ್ನು ಬಿಟ್ಟೆವು. ಅರ್ಧವನ್ನು ಹಾಗೆಯೇ ಇರಿಸಿ, ಉಳಿದರ್ಧವನ್ನು ಶೋಧನೆಗೆ ತೆಗೆದುಕೊಂಡೆವು.

ಶೋಧನೆ ಮಾಡುವ ಮೊದಲು ಕೈಗೆ, ಮುಖಕ್ಕೆ, ಕುತ್ತಿಗೆಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳಬೇಕು. ಕೈಗವಸು ಹಾಕಿಕೊಂಡರೂ ಬಳಿದುಕೊಳ್ಳಬೇಕು, ಏಕೆಂದರೆ ತೆಳುವಾದ ರಬ್ಬರನ್ನು ಈ ಎಣ್ಣೆ ನಿಧಾನವಾಗಿ ದಾಟುತ್ತದೆ ಎಂದು ಔಷಧಶಾಲೆಯ ಹಿರಿಯ ಕೆಲಸಗಾರರು ಮೊದಲೇ ಹೇಳಿದ್ದರು. ತೊಟ್ಟು ಕತ್ತರಿಸುವಾಗ ಅಡಕತ್ತರಿಯ ಅಂಚಿನಲ್ಲಿ ಜೇನಿನಷ್ಟು ದಪ್ಪವಾದ ಕಂದು ರಸ ಒಸರಿ, ಗಾಳಿ ತಾಗಿದೊಡನೆ ಕಪ್ಪಾಗುತ್ತಿತ್ತು. ಏಳು ದಿನ ಗೋಮೂತ್ರದಲ್ಲಿ, ಮತ್ತೆ ಏಳು ದಿನ ಹಸುವಿನ ಹಾಲಿನಲ್ಲಿ ನೆನೆಸಿ, ನಿತ್ಯವೂ ದ್ರವ ಬದಲಿಸಿ, ಕೊನೆಗೆ ಇಟ್ಟಿಗೆಯ ಪುಡಿಯ ಜೊತೆ ಗೋಣಿಚೀಲದಲ್ಲಿ ಹಾಕಿ ಉಜ್ಜಬೇಕು. ಆ ಉಜ್ಜುವಿಕೆಯೇ ಇಡೀ ಕ್ರಮದ ಜೀವಾಳ ಎಂಬುದು ನನ್ನ ಅಭಿಪ್ರಾಯ. ಕೆಂಪು ಪುಡಿ ಮೊದಲು ಒಣಗಿಯೇ ಇರುತ್ತದೆ. ಸ್ವಲ್ಪ ಹೊತ್ತಿಗೆ ಚೀಲದೊಳಗಿನ ಸದ್ದು ಬದಲಾಗುತ್ತದೆ, ಕಾಯಿಗಳು ಒಂದಕ್ಕೊಂದು ತಾಗುವ ಕಟಕಟ ಶಬ್ದ ಮಂದವಾಗುತ್ತದೆ. ತೆರೆದು ನೋಡಿದರೆ ಪುಡಿ ಎಣ್ಣೆ ಕುಡಿದು ಕಪ್ಪು ಉಂಡೆಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಕೊಡವಿ, ಹೊಸ ಪುಡಿ ಹಾಕಿ, ಪುಡಿ ಕೆಂಪಾಗಿಯೇ ಉಳಿಯುವವರೆಗೆ ಮತ್ತೆ ಮತ್ತೆ ಉಜ್ಜಿ, ಬಿಸಿನೀರಿನಲ್ಲಿ ತೊಳೆದೆವು. ಇಷ್ಟು ಎಚ್ಚರಿಕೆಯಿದ್ದರೂ ಮುಂಗೈ ಮೇಲೆ ಒಂದು ಸಾಲು ಗುಳ್ಳೆಗಳು ಎದ್ದವು. ತುರಿಕೆ ರಾತ್ರಿ ಹೆಚ್ಚುತ್ತಿತ್ತು, ಕೊಬ್ಬರಿ ಎಣ್ಣೆ ಹಚ್ಚಿದರೆ ಸ್ವಲ್ಪ ತಗ್ಗುತ್ತಿತ್ತು. ಉರಿಯೂತದ ಕೆಂಪು, ಬಿಸಿ, ಬಾವು, ನೋವು ನಾಲ್ಕನ್ನೂ ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಇಲಿಗಳ ಪಾದಕ್ಕಿಂತ ಮೊದಲು ನನ್ನ ಕೈಯ ಮೇಲೆಯೇ ನೋಡಬೇಕಾಯಿತು.

ಸಾರ ತೆಗೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಜಜ್ಜಿದ ಕಾಯಿಯನ್ನು ಸಾಕ್ಸ್‌ಲೆಟ್ ಉಪಕರಣದಲ್ಲಿಟ್ಟು ಈಥೈಲ್ ಆಲ್ಕೊಹಾಲಿನಲ್ಲಿ ಸಾರ ಇಳಿಸಿ, ದ್ರಾವಕವನ್ನು ಆವಿ ಮಾಡಿದೆವು. ಮಾತ್ರೆಯ, ಅಂದರೆ ಎಷ್ಟು ಕೊಡಬೇಕೆಂಬ ಪ್ರಮಾಣದ, ಲೆಕ್ಕಕ್ಕೆ ಮಾತ್ರ ತಲೆ ಕೊಡಬೇಕಾಯಿತು. ಮನುಷ್ಯನಿಗೆ ದಿನಕ್ಕೆ 1 ಗ್ರಾಂ ಕಾಯಿ ಎಂದು ಹಿಡಿದರೆ, ಪ್ರಚಲಿತ ಪರಿವರ್ತನಾ ಕೋಷ್ಟಕದ ಪ್ರಕಾರ 200 ಗ್ರಾಂ ತೂಕದ ಇಲಿಗೆ ಅದನ್ನು 0.018ರಿಂದ ಗುಣಿಸಬೇಕು, 18 ಮಿಲಿಗ್ರಾಂ, ಅಂದರೆ ಕಿಲೋ ತೂಕಕ್ಕೆ 90 ಮಿಲಿಗ್ರಾಂ. ನಾವು ಕೊಡುವುದು ಕಾಯಿಯನ್ನಲ್ಲ, ಸಾರವನ್ನು. ಆದ್ದರಿಂದ ಅಷ್ಟು ಕಾಯಿಯಿಂದ ಎಷ್ಟು ಸಾರ ಇಳಿಯುತ್ತದೆಂದು ತೂಗಿ ಆ ಪ್ರಮಾಣಕ್ಕೆ ಇಳಿಸಿಕೊಂಡೆವು. ಎಷ್ಟೋ ಪ್ರಬಂಧಗಳಲ್ಲಿ ಈ ಕೊನೆಯ ಹೆಜ್ಜೆಯೇ ಇರುವುದಿಲ್ಲ. 200, 400 ಮಿಲಿಗ್ರಾಂ ಎಂದು ದುಂಡಗಿನ ಅಂಕಿ ಹಾಕಿ ಮುಂದುವರಿದಿರುತ್ತಾರೆ.

ಅದಕ್ಕೂ ಮೊದಲು ತೀಕ್ಷ್ಣ ವಿಷತ್ವದ ಪರೀಕ್ಷೆ ಆಗಬೇಕು. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 423ನೆಯ ಮಾರ್ಗಸೂಚಿಯಂತೆ ಮೂರು ಮೂರು ಹೆಣ್ಣಿಲಿಗಳಿಗೆ ಕಿಲೋ ತೂಕಕ್ಕೆ 5, 50, 300, 2000 ಮಿಲಿಗ್ರಾಂ ಎಂಬ ಮೆಟ್ಟಿಲುಗಳಲ್ಲಿ ಒಂದರಿಂದ ಆರಂಭಿಸಿ, 14 ದಿನ ಗಮನಿಸುತ್ತಾರೆ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗೆ ಹೋದದ್ದು ಹೊಟ್ಟೆಯಲ್ಲಿಯೇ ಉಳಿಯಬೇಕು. ಶೋಧಿತ ಸಾರ ಪಡೆದವು ಮೈ ತೀಡಿಕೊಂಡು, ಕಾಳು ತಿಂದು, ಒಂದರ ಮೇಲೊಂದು ಬಿದ್ದು ನಿದ್ದೆ ಮಾಡಿದವು. ಅಶೋಧಿತ ಸಾರ ಪಡೆದವು ರೋಮ ನಿಮಿರಿಸಿಕೊಂಡು ಮೂಲೆ ಹಿಡಿದವು. ಸಾವು ಕಾಣದಿದ್ದರೂ ಆ ಸಾರವನ್ನು ಮೇಲಿನ ಮೆಟ್ಟಿಲಿಗೆ ಒಯ್ಯುವುದು ಬೇಡವೆಂದು ಪಶುವೈದ್ಯರು ತಡೆದರು, ನನಗೂ ಅದೇ ಸರಿಯೆನಿಸಿತು.

ಮುಖ್ಯ ಪ್ರಯೋಗದಲ್ಲಿ ನಾಲ್ಕು ಗುಂಪುಗಳು: ಔಷಧವಿಲ್ಲದ ಬರಿಯ ಸಿಎಂಸಿ ಅಂಟಿನ ದ್ರಾವಣ, ಬಾವು ಇಳಿಸುವ ನೋವಿನ ಔಷಧ ಡೈಕ್ಲೋಫೆನಾಕ್, ಅಶೋಧಿತ ಸಾರ, ಶೋಧಿತ ಸಾರ. ಒಂದು ವಾರ ದಿನಕ್ಕೊಮ್ಮೆ ಬಾಯಿಯ ಮೂಲಕ ಔಷಧ. ತುದಿ ಗುಂಡಗಿರುವ ಬಾಗಿದ ಸೂಜಿಯನ್ನು ಬಾಯಿಯ ಪಕ್ಕದಿಂದ ಇಳಿಸಿದಾಗ ಇಲಿ ತಾನೇ ನುಂಗಿದರೆ ಅದು ಅನ್ನನಾಳಕ್ಕೆ ಹೋಗುತ್ತಿದೆ ಎಂದರ್ಥ. ತಡೆ ಸಿಕ್ಕರೆ ಒತ್ತದೆ ಹಿಂದಕ್ಕೆ ತೆಗೆಯಬೇಕು. ಕಲಿಸಿದವರು ಪ್ರಾಣಿಗೃಹವನ್ನು ನೋಡಿಕೊಳ್ಳುತ್ತಿದ್ದ ಅಣ್ಣ. "ನೀವು ಅಂಜಿದ್ರ ಅದೂ ಅಂಜತೈತ್ರಿ ಮೇಡಂ, ಬೆನ್ನ ಮ್ಯಾಲಿನ ತೊಗಲು ಗಟ್ಟಿ ಹಿಡೀರಿ, ಕುತಗಿ ಒತ್ತಬ್ಯಾಡ್ರಿ" ಎಂದು ಅವರು ಹೇಳಿಕೊಟ್ಟದ್ದು ಯಾವ ಕೈಪಿಡಿಗಿಂತಲೂ ಹೆಚ್ಚು ಉಪಯೋಗಕ್ಕೆ ಬಂತು.

ಊತ ಬರಿಸಲು ಬಳಸುವ ಕ್ಯಾರಜೀನನ್ ಕೆಂಪು ಕಡಲಪಾಚಿಯಿಂದ ತೆಗೆಯುವ ಅಂಟು. ಐಸ್‌ಕ್ರೀಮನ್ನು, ಹಾಲಿನ ಪಾನೀಯಗಳನ್ನು ಗಟ್ಟಿಯಾಗಿಸಲು ಹಾಕುವ ಪದಾರ್ಥವೇ ಇದು. ಆದರೆ ಚರ್ಮದಡಿ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಬಾವು ಬರಿಸುತ್ತದೆ. 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ಪ್ರಕಟಿಸಿದ ಈ ವಿಧಾನ ಇಂದಿಗೂ ಉರಿಯೂತದ ಔಷಧಗಳಿಗೆ ಮೊದಲ ಜರಡಿ. ಲವಣಜಲದಲ್ಲಿ ಶೇಕಡಾ 1ರ ದ್ರಾವಣ ಮಾಡಿ, 0.1 ಮಿಲಿಲೀಟರನ್ನು ಬಲ ಹಿಂಗಾಲಿನ ಅಂಗಾಲಿಗೆ ಚುಚ್ಚಬೇಕು. ದೇಹವೇ ಬಿಡುಗಡೆ ಮಾಡುವ ರಾಸಾಯನಿಕಗಳಿಂದ ಊತ ಹಂತಹಂತವಾಗಿ ಬೆಳೆಯುತ್ತದೆ: ಮೊದಲ ಒಂದೂವರೆ ಗಂಟೆಯಲ್ಲಿ ಹಿಸ್ಟಮೈನ್, ಸೆರೊಟೋನಿನ್‌ಗಳ ಕೆಲಸ, ಆಮೇಲೆ ಬ್ರಾಡಿಕೈನಿನ್, ಅನಂತರ ಪ್ರೊಸ್ಟಗ್ಲಾಂಡಿನ್‌ಗಳದ್ದು. ಡೈಕ್ಲೋಫೆನಾಕಿನಂತಹ ಔಷಧಗಳು ಹಿಡಿಯುವುದು ಈ ಕೊನೆಯ ಹಂತವನ್ನು. ಆದ್ದರಿಂದ ಒಂದು ಸಾರ ಯಾವ ಗಂಟೆಯಲ್ಲಿ ಊತವನ್ನು ತಗ್ಗಿಸಿತು ಎಂಬುದರಿಂದ ಅದು ಯಾವ ಬಾಗಿಲನ್ನು ಮುಚ್ಚಿತು ಎಂದು ಊಹಿಸಬಹುದು.

ಅಳತೆ ಮಾಡುವ ಪ್ಲೆಥಿಸ್ಮೋಮೀಟರಿನದು ಸರಳ ತತ್ತ್ವ. ಪಾದವನ್ನು ದ್ರವದಲ್ಲಿ ಅದ್ದಿದರೆ ಮೇಲೇರಿದ ದ್ರವದ ಪ್ರಮಾಣವೇ ಪಾದದ ಗಾತ್ರ. ಆದರೆ ಪ್ರತಿಸಲವೂ ಅಷ್ಟೇ ಆಳಕ್ಕೆ ಅದ್ದಬೇಕು. ಅದಕ್ಕೆ ಗಿಣ್ಣಿನ ಕೀಲಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದೆವು; ಅಗಸರ ಶಾಯಿಯನ್ನೇ ಪರೀಕ್ಷಿಸುವ ಪ್ರಯೋಗದಲ್ಲಿ ಇಲಿಗಳಿಗೆ ಗುರುತು ಹಾಕಲು ಅಂಗಡಿಯ ಪೆನ್ನು ಬೇಕಾಯಿತಲ್ಲ ಎಂದು ನಾವು ನಕ್ಕದ್ದುಂಟು. ಪಾದ ನೀರಿಗೆ ತಾಗಿದೊಡನೆ ಇಲಿ ಬೆರಳುಗಳನ್ನು ಅಗಲಿಸಿ ಕಾಲೆಳೆದುಕೊಳ್ಳುತ್ತದೆ. ಗೆರೆ ನೀರಿನ ಮಟ್ಟಕ್ಕೆ ಬಂದು ಕ್ಷಣ ನಿಂತಾಗ ಓದಿಕೊಳ್ಳಬೇಕು. ಎಲ್ಲ ಅಳತೆಗಳನ್ನೂ ಒಬ್ಬರೇ ತೆಗೆಯಬೇಕು, ಮತ್ತು ಅವರಿಗೆ ಯಾವ ಇಲಿ ಯಾವ ಗುಂಪಿನದೆಂದು ಗೊತ್ತಿರಬಾರದು. ಬೆಳಿಗ್ಗೆ ಒಂದೇ ಹೊತ್ತಿಗೆ ಆರಂಭಿಸಬೇಕೆಂಬ ಕಟ್ಟುನಿಟ್ಟೂ ಇತ್ತು, ಏಕೆಂದರೆ ಇಲಿಯ ರಕ್ತದಲ್ಲಿ ಊತವನ್ನು ತಗ್ಗಿಸುವ ಕಾರ್ಟಿಕೊಸ್ಟೀರೋನ್ ಎಂಬ ಹಾರ್ಮೋನಿನ ಮಟ್ಟ ಸಂಜೆ ಕತ್ತಲಾಗುವ ಹೊತ್ತಿಗೆ ತಾನೇ ಏರುತ್ತದೆ.

ಅಂಕಿಗಳನ್ನು ಗುಂಪುವಾರು ಜೋಡಿಸಿದಾಗ ಡೈಕ್ಲೋಫೆನಾಕ್ ನಿರೀಕ್ಷೆಯಂತೆ ಮೂರನೆಯ ಗಂಟೆಯಿಂದ ಊತವನ್ನು ತಡೆದಿತ್ತು. ಶೋಧಿತ ಸಾರವೂ ಅದೇ ಹೊತ್ತಿನಿಂದ ತಗ್ಗಿಸಿತ್ತು, ಆದರೆ ಅಷ್ಟು ಬಲವಾಗಿ ಅಲ್ಲ. ನನ್ನನ್ನು ದಂಗುಬಡಿಸಿದ್ದು ಅಶೋಧಿತದ ಗುಂಪು. ಶೋಧಿತಕ್ಕಿಂತ ಅದರಲ್ಲೇ ಊತ ಕಡಿಮೆ, ಅದೂ ಮೊದಲ ಗಂಟೆಯಿಂದಲೇ. ಹಾಗಾದರೆ ಶೋಧನೆಯಿಂದ ಗುಣವೂ ಸೋರಿಹೋಗುತ್ತದೆಯೇ? ಈ ಫಲಿತಾಂಶವನ್ನು ಹಾಗೆಯೇ ಬರೆದು, ಅಶೋಧಿತ ಭಲ್ಲಾತಕ ಪ್ರಬಲ ಶೋಥಹರ ಎಂದು ಪ್ರಕಟಿಸಬಹುದಿತ್ತು. ಸಂಖ್ಯಾಶಾಸ್ತ್ರದ ಒಪ್ಪಿಗೆಯೂ ಇತ್ತು.

ಕೋಷ್ಟಕ ನೋಡಿದ ನನ್ನ ಗೈಡ್ ಮೇಡಂ ಪಾದದ ವಿಷಯವನ್ನೇ ಎತ್ತಲಿಲ್ಲ. "ಇಲಿಗಳು ಆ ವಾರ ಎಷ್ಟು ತಿಂದಿದ್ದವಮ್ಮ? ತೂಕ ಬರೆದಿದ್ದೀಯಲ್ಲ, ಅದನ್ನು ತೋರಿಸು" ಎಂದರು. ಅಶೋಧಿತ ಗುಂಪಿನ ತೂಕ ದಿನದಿಂದ ದಿನಕ್ಕೆ ಇಳಿದಿತ್ತು, ತಟ್ಟೆಯಲ್ಲಿ ಕಾಳು ಉಳಿದಿತ್ತು. ಅದೇ ವಾರದ ನಡುವೆ ಪ್ರಾಣಿಗೃಹದ ಅಣ್ಣ, "ಮೂರನೇ ಪೆಟಗ್ಯಾನ ಇಲಿಗಳ ಕಣ್ಣಿನ ಸುತ್ತ ರಕ್ತ ಬಂದಂಗ ಆಗೈತ್ರಿ" ಎಂದು ಹೇಳಿದ್ದನ್ನೂ ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೆ. ಅದು ರಕ್ತವಲ್ಲ. ಇಲಿಯ ಕಣ್ಣಿನ ಹಿಂದಿರುವ ಹಾರ್ಡೇರಿಯನ್ ಗ್ರಂಥಿ ಪಾರ್ಫಿರಿನ್ ಎಂಬ ಕೆಂಪು ದ್ರವ್ಯವನ್ನು ಸ್ರವಿಸುತ್ತದೆ. ಆರೋಗ್ಯವಾಗಿರುವ ಇಲಿ ಮುಂಗಾಲಿನಿಂದ ಅದನ್ನು ಒರೆಸಿಕೊಳ್ಳುತ್ತದೆ, ಕಾಯಿಲೆಯಾದ ಅಥವಾ ಒತ್ತಡಕ್ಕೆ ಸಿಕ್ಕ ಇಲಿಯಲ್ಲಿ ಸ್ರಾವವೂ ಹೆಚ್ಚು, ಒರೆಸಿಕೊಳ್ಳುವ ಉತ್ಸಾಹವೂ ಇಲ್ಲ, ಹೀಗಾಗಿ ಕಣ್ಣು ಮೂಗಿನ ಸುತ್ತ ಕೆಂಪು ಹೆಪ್ಪುಗಟ್ಟುತ್ತದೆ. ಆ ಗುಂಪಿನ ಇಲಿಗಳು ಅಸ್ವಸ್ಥವಾಗಿದ್ದವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿರಲಿಲ್ಲ.

ಅಸ್ವಸ್ಥ ಇಲಿಯ ಪಾದ ಏಕೆ ಊದುವುದಿಲ್ಲ? ಒತ್ತಡಕ್ಕೊಳಗಾದ ದೇಹದಲ್ಲಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಸ್ಟಿರಾಯ್ಡ್ ಹಾರ್ಮೋನುಗಳನ್ನು ಧಾರಾಳವಾಗಿ ಸುರಿಯುತ್ತವೆ. ಇವು ಉರಿಯೂತದ ದೊಡ್ಡ ಶತ್ರುಗಳು. ಇದೇ ಗ್ರಂಥಿಯ ಕಾರ್ಟಿಸೋನ್ 1948ರಲ್ಲಿ ಕೀಲುವಾತದ ರೋಗಿಯೊಬ್ಬರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸಿದ್ದು, 1950ರಲ್ಲಿ ಹೆಂಚ್, ಕೆಂಡಲ್, ರೈಖ್‌ಸ್ಟೈನ್ ಅವರಿಗೆ ನೊಬೆಲ್ ಬಂದದ್ದು ವೈದ್ಯಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಅಂದರೆ ಹೊಟ್ಟೆಯನ್ನು ಕೆರಳಿಸುವ ಯಾವುದೇ ಕಟುವಸ್ತುವನ್ನು ಕೊಟ್ಟರೂ, ಅದಕ್ಕೆ ಉರಿಯೂತ ತಗ್ಗಿಸುವ ಗುಣವೇ ಇಲ್ಲದಿದ್ದರೂ, ಇಲಿ ತನ್ನದೇ ಸ್ಟಿರಾಯ್ಡಿನಿಂದ ಪಾದದ ಬಾವನ್ನು ತಡೆದುಕೊಳ್ಳಬಹುದು. ಒಂದು ಕಡೆಯ ಕೆರಳಿಕೆ ಇನ್ನೊಂದು ಕಡೆಯ ಊತವನ್ನು ತಗ್ಗಿಸುವ ಈ ಪ್ರತಿಕೆರಳಿಕೆ ಔಷಧವಿಜ್ಞಾನಿಗಳಿಗೆ ಹಳೆಯ ವಿಷಯ. ವಿಶೇಷವಾಗಿ ಸಾರಗಳನ್ನು ಹೊಟ್ಟೆಯ ಪೊರೆಯೊಳಗೆ ಚುಚ್ಚಿದಾಗ ಇದು ಎದ್ದು ಕಾಣುತ್ತದೆ. ಉಳುಕಿದ ಕಾಲಿಗೆ ಗೇರಿನ ಬಿಸಿ ಎಣ್ಣೆಯ ಚುಕ್ಕೆ ಇಡುವ, ಹೊಟ್ಟೆನೋವಿಗೆ ಬರೆ ಹಾಕುವ ನಮ್ಮ ಹಳ್ಳಿಗಳ ಕ್ರಮದಲ್ಲಿಯೂ ಸ್ವಲ್ಪಮಟ್ಟಿಗೆ ಇದೇ ಲೆಕ್ಕಾಚಾರ ಇರಬೇಕು. ಆದರೆ ಬರೆಯನ್ನು ಯಾರೂ ಶೋಥಹರ ಔಷಧವೆಂದು ಶೀಷೆಯಲ್ಲಿ ತುಂಬುವುದಿಲ್ಲ.

ಇಲಿಗಳನ್ನು ಅನುಮೋದಿತ ಕ್ರಮದಲ್ಲಿ ನೋವಿಲ್ಲದಂತೆ ಕೊನೆಗಾಣಿಸಿದಾಗ ಜಠರ ಮತ್ತು ಅಡ್ರಿನಲ್‌ಗಳನ್ನು ತೆಗೆದಿರಿಸಿದ್ದೆವು. ಬಿ ನಮೂನೆಯಲ್ಲಿ ಅದಕ್ಕೆ ಒಪ್ಪಿಗೆ ಪಡೆದಿದ್ದೆವು. ಅಶೋಧಿತ ಗುಂಪಿನ ಜಠರದ ಒಳಪದರ ಕೆಂಪಾಗಿ, ಅಲ್ಲಲ್ಲಿ ಗೆರೆಯಂತಹ ಹುಣ್ಣುಗಳಿದ್ದವು. ಡೈಕ್ಲೋಫೆನಾಕ್ ಗುಂಪಿನಲ್ಲಿಯೂ ಹುಣ್ಣುಗಳಿದ್ದವು. ಅದು ಆ ಔಷಧದ ಹೆಸರಾಂತ ದೋಷ, ಜಠರವನ್ನು ಕಾಯುವ ಪ್ರೊಸ್ಟಗ್ಲಾಂಡಿನ್‌ಗಳನ್ನೂ ಅದು ಬಿಡುವುದಿಲ್ಲ. ಶೋಧಿತ ಗುಂಪಿನ ಜಠರ ಬಹುಪಾಲು ನಿರ್ಮಲವಾಗಿತ್ತು. ಗೋಧಿಕಾಳಿಗಿಂತ ಚಿಕ್ಕದಾದ ಅಡ್ರಿನಲ್‌ಗಳನ್ನು ಸುತ್ತಲಿನ ಕೊಬ್ಬಿನಿಂದ ಬಿಡಿಸಿ ತೂಗಿದಾಗ, ಅಶೋಧಿತ ಗುಂಪಿನವು ಉಳಿದವಕ್ಕಿಂತ ಭಾರವಾಗಿದ್ದವು. ಇದನ್ನು ಪಕ್ಕಾ ಮಾಡಿಕೊಳ್ಳುವ ದಾರಿ ಒಂದಿದೆ: ಅಡ್ರಿನಲ್‌ಗಳನ್ನು ಶಸ್ತ್ರಕ್ರಿಯೆಯಿಂದ ತೆಗೆದ ಇಲಿಗಳಲ್ಲಿ ಅದೇ ಪ್ರಯೋಗ ಮಾಡಿ, ಪರಿಣಾಮ ಮಾಯವಾಗುತ್ತದೆಯೇ ಎಂದು ನೋಡುವುದು. ಆ ಶಸ್ತ್ರಕ್ರಿಯೆಗೆ ಬೇಕಾದ ಸೌಕರ್ಯ ನಮ್ಮಲ್ಲಿ ಇರಲಿಲ್ಲ.

ಆದ್ದರಿಂದ ಪ್ರಬಂಧದಲ್ಲಿ ಹೀಗೆ ಬರೆದೆ: ಶೋಧಿತ ಸಾರ ಪಡೆದ ಇಲಿಗಳು ತಿಂದುಂಡು ಆರೋಗ್ಯವಾಗಿದ್ದಾಗಲೇ ಊತ ತಗ್ಗಿದ್ದರಿಂದ, ಮತ್ತು ಅದು ಪ್ರೊಸ್ಟಗ್ಲಾಂಡಿನ್ ಹಂತದಲ್ಲಿ ತಗ್ಗಿದ್ದರಿಂದ, ಅದನ್ನು ಶೋಥಹರ ಪರಿಣಾಮವೆಂದು ಪರಿಗಣಿಸಬಹುದು, ಅಶೋಧಿತ ಸಾರದಿಂದ ಊತ ತಗ್ಗಿದ್ದನ್ನು ವಿಷದ ಒತ್ತಡದಿಂದ ಬೇರ್ಪಡಿಸಲಾಗಿಲ್ಲ, ಆದ್ದರಿಂದ ಅದನ್ನು ಗುಣವೆಂದು ಹೇಳಲಾಗದು. ಗಿಡಮೂಲಿಕೆಗಳ ಸಾರ ಇಲಿಯ ಬಾವನ್ನು ಇಳಿಸಿತೆಂಬ ವರದಿಗಳನ್ನು ಅಂದಿನಿಂದ ನಾನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ: ಮೊದಲು ತೂಕದ ಕೋಷ್ಟಕ, ಆಮೇಲೆ ಜಠರ, ಕೊನೆಗೆ ಪಾದ. ಮೊದಲೆರಡು ಇಲ್ಲದಿದ್ದರೆ ಮೂರನೆಯದನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಇದನ್ನೆಲ್ಲ ಒಪ್ಪಿ, ನಾನು ನಿರೀಕ್ಷಿಸದ ಕಡೆಯಿಂದ ಕೇಳಿದರು: "ಶೋಧನೆ ಎಂದರೆ ಬಿಲಾವನಾಲ್ ಕಡಿಮೆ ಮಾಡುವುದಷ್ಟೇ ಆಗಿದ್ದರೆ, ಶೋಧಿಸದ ಸಾರವನ್ನೇ ಸಣ್ಣ ಮಾತ್ರೆಯಲ್ಲಿ ಕೊಟ್ಟರೂ ಅದೇ ಫಲ ಸಿಗಬೇಕಲ್ಲ? ಹಾಲು, ಗೋಮೂತ್ರಗಳಿಂದ ಬೇರೇನಾದರೂ ಆಗುತ್ತದೆ ಎಂದು ನೀವು ಹೇಗೆ ತೋರಿಸುತ್ತೀರಿ?" ಈ ನಾಲ್ಕು ಗುಂಪುಗಳಿಂದ ತೋರಿಸಲಾಗದು, ಎರಡೂ ಸಾರಗಳ ಬಿಲಾವನಾಲ್ ಪ್ರಮಾಣವನ್ನು ಎಚ್‌ಪಿಟಿಎಲ್‌ಸಿ ಎಂಬ ರಾಸಾಯನಿಕ ವಿಶ್ಲೇಷಣೆಯ ವಿಧಾನದಲ್ಲಿ ಅಳೆದು, ಅಷ್ಟೇ ಬಿಲಾವನಾಲ್ ಇರುವಂತೆ ಅಶೋಧಿತದ ಮಾತ್ರೆಯನ್ನು ಇಳಿಸಿದ ಐದನೆಯ ಗುಂಪೊಂದು ಬೇಕು ಎಂದು ಉತ್ತರಿಸಿದೆ. ಅವರು ತಲೆಯಾಡಿಸಿ ಮುಂದಿನ ಪುಟಕ್ಕೆ ಹೋದರು. ಈಗ ನಮ್ಮ ವಿಭಾಗದ ಕಿರಿಯ ವಿದ್ಯಾರ್ಥಿನಿಯೊಬ್ಬಳು ಸಮಿತಿಗೆ ಕೊಟ್ಟಿರುವ ಬಿ ನಮೂನೆಯಲ್ಲಿ ಆ ಗುಂಪು ಇದೆ. ಅಡ್ರಿನಲ್‌ಗಳನ್ನು ತೂಗುವುದಷ್ಟೇ ಅಲ್ಲದೆ ರಕ್ತದ ಕಾರ್ಟಿಕೊಸ್ಟೀರೋನನ್ನೂ ಅಳೆಯುವುದಾಗಿ ಅವಳು ಬರೆದಿದ್ದಾಳೆ.